ಮನೆಗೆ ಇಂಟರ್ನೆಟ್ ಹಾಕಿಸುವ ಮುನ್ನ: ಪ್ಲಾನ್, ವೇಗ, ಡೇಟಾ ಮಿತಿಗಳನ್ನು ಅಳೆದು ನೋಡುವ ಕ್ರಮ

ಬೆಂಗಳೂರಿನ ಸಾಧಾರಣ ಬಡಾವಣೆಯೊಂದರಲ್ಲಿ ಮನೆಗೆ ಇಂಟರ್ನೆಟ್ ಹಾಕಿಸಬೇಕೆಂದು ಹೊರಟವರಿಗೆ ಜಿಯೋಫೈಬರ್, ಏರ್‌ಟೆಲ್, ಆಕ್ಟ್, ಬಿಎಸ್‌ಎನ್‌ಎಲ್ ಮತ್ತು ಅದೇ ಬೀದಿಯ ಕೇಬಲ್‌ನವರ ಸಂಪರ್ಕ ಎಂದು ನಾಲ್ಕೈದು ದಾರಿಗಳು ಕಾಣುತ್ತವೆ. ಒಂದೊಂದು ಕಂಪನಿಯಲ್ಲೂ ಹಲವು ಪ್ಲಾನ್‌ಗಳಿರುತ್ತವೆ, ಪ್ರತಿಯೊಂದರ ಜಾಹೀರಾತಿನಲ್ಲೂ ದಪ್ಪಕ್ಷರದಲ್ಲಿರುವುದು ಎರಡೇ ಅಂಕಿಗಳು: ತಿಂಗಳ ದರ ಮತ್ತು ವೇಗ. ಬಿಲ್ ಬಂದಾಗ ಮೊದಲನೆಯ ಅಂಕಿ ಏರಿರುತ್ತದೆ, ರಾತ್ರಿ ಒಂಬತ್ತಕ್ಕೆ ಮನೆಯವರೆಲ್ಲ ಕೂತಾಗ ಎರಡನೆಯದು ಇಳಿದಿರುತ್ತದೆ. ಆದ್ದರಿಂದ ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ನನ್ನ ಮಟ್ಟಿಗೆ ಹೋಲಿಕೆಯ ಸರಿಯಾದ ಕ್ರಮ ಬೇರೆಯೇ ಇದೆ: ಮೊದಲು ತಂತಿ ಮತ್ತು ದುರಸ್ತಿ, ಆಮೇಲೆ ಮನೆಯ ಬಳಕೆ, ಅದರ ನಂತರ ಡೇಟಾ ಮಿತಿ ಮತ್ತು ಒಟ್ಟು ಖರ್ಚು, ಜಾಹೀರಾತಿನ ವೇಗಕ್ಕೆ ಕೊನೆಯ ಸ್ಥಾನ. ದರಪಟ್ಟಿಗಳು ಆಗಾಗ ಬದಲಾಗುವುದರಿಂದ ಯಾವ ಕಂಪನಿಯ ಇಂದಿನ ದರವನ್ನೂ ಇಲ್ಲಿ ಕೊಟ್ಟಿಲ್ಲ. ಲೆಕ್ಕ ಹಾಕುವ ವಿಧಾನವನ್ನು ವಿವರಿಸಿದ್ದೇನೆ.

ಬಾಗಿಲವರೆಗೆ ಬರುವುದು ಯಾವುದು

ಕಂಪನಿಯ ಜಾಲತಾಣದಲ್ಲಿ ಪಿನ್‌ಕೋಡ್ ಹಾಕಿದಾಗ "ನಿಮ್ಮ ಪ್ರದೇಶದಲ್ಲಿ ಸೇವೆ ಲಭ್ಯವಿದೆ" ಎಂದು ಬಂದ ಮಾತ್ರಕ್ಕೆ ನಿಮ್ಮ ಮನೆಗೆ ಸೇವೆ ಸಿಗುತ್ತದೆ ಎಂದಲ್ಲ. ಫೈಬರ್ ಹಂಚಿಕೆಯ ಪೆಟ್ಟಿಗೆ ನಿಮ್ಮ ಬೀದಿಯ ಕಂಬದಲ್ಲಿದೆಯೇ, ಅದರಲ್ಲಿ ಖಾಲಿ ಪೋರ್ಟ್ ಇದೆಯೇ, ಅಲ್ಲಿಂದ ಮನೆಗೆ ತಂತಿ ಎಳೆಯಲು ಪಕ್ಕದ ಮನೆಯವರ ತಾರಸಿ ಹಾಯಬೇಕೇ ಎಂಬುದನ್ನು ಸ್ಥಳಕ್ಕೆ ಬರುವ ತಂತ್ರಜ್ಞರೇ ಹೇಳಬೇಕು. ಅಪಾರ್ಟ್‌ಮೆಂಟ್‌ಗಳಲ್ಲಿ ಇನ್ನೊಂದು ತೊಡಕಿದೆ. ಕಟ್ಟಡದ ಒಳಗೆ ಯಾವ ಕಂಪನಿಯ ತಂತಿ ಈಗಾಗಲೇ ಎಳೆದಿದೆ, ಯಾವುದಕ್ಕೆ ನಿವಾಸಿಗಳ ಸಂಘ ಒಪ್ಪಿಗೆ ಕೊಟ್ಟಿದೆ ಎಂಬುದರ ಮೇಲೆ ನಿಮ್ಮ ಆಯ್ಕೆ ಎರಡಕ್ಕೋ ಮೂರಕ್ಕೋ ಇಳಿಯಬಹುದು. ಹಾಗಾಗಿ ಪ್ಲಾನ್‌ಗಳ ಪಟ್ಟಿ ಮಾಡುವ ಮೊದಲು ಕಂಪನಿಗಳ ಪಟ್ಟಿ ಮಾಡಿ, ಹಣ ಕಟ್ಟುವ ಮುನ್ನವೇ ಸ್ಥಳ ಪರಿಶೀಲನೆಗೆ ಕೇಳಿಕೊಳ್ಳಿ.

ಸಂಪರ್ಕದ ಬಗೆಯನ್ನೂ ಇಲ್ಲಿಯೇ ಗುರುತಿಸಿಕೊಳ್ಳಬೇಕು. ಮನೆಯೊಳಗೆ ಓಎನ್‌ಟಿ ಎಂಬ ಪುಟ್ಟ ಪೆಟ್ಟಿಗೆಯವರೆಗೂ ಗಾಜಿನ ಎಳೆಯೇ ಬಂದರೆ ಅದು ನಿಜವಾದ ಫೈಬರ್ ಸಂಪರ್ಕ. ಕಟ್ಟಡದ ತಳದವರೆಗೆ ಫೈಬರ್ ತಂದು, ಅಲ್ಲಿಂದ ಮೇಲಕ್ಕೆ ಲ್ಯಾನ್ ಕೇಬಲ್ ಎಳೆಯುವ ಪದ್ಧತಿಯೂ ಇದೆ. ಇದು ಕೆಟ್ಟದ್ದೇನಲ್ಲ, ಆದರೆ ಕೆಳಗಿನ ಸ್ವಿಚ್‌ಗೆ, ಅಂದರೆ ಮನೆಗಳಿಗೆ ಸಂಪರ್ಕ ಹಂಚುವ ಪೆಟ್ಟಿಗೆಗೆ, ವಿದ್ಯುತ್ ಹೋದರೆ ನಿಮ್ಮ ಮನೆಯ ಯುಪಿಎಸ್ ಪ್ರಯೋಜನಕ್ಕೆ ಬರುವುದಿಲ್ಲ. ಮೂರನೆಯದು ಏರ್‌ಫೈಬರ್. ಹೆಸರಿನಲ್ಲಿ ಫೈಬರ್ ಇದ್ದರೂ ಮನೆಗೆ ಬರುವುದು 5ಜಿ ಸಂಕೇತ. ತಾರಸಿಯಲ್ಲೋ ಕಿಟಕಿಯ ಹೊರಗೋ ಕೂರಿಸಿದ ಸಾಧನ ಅದನ್ನು ಹಿಡಿದು ಒಳಗಿನ ರೌಟರ್‌ಗೆ ಕೊಡುತ್ತದೆ. 2023ರ ಸೆಪ್ಟೆಂಬರಿನಲ್ಲಿ ಜಿಯೋ ಈ ಸೇವೆಯನ್ನು ಆರಂಭಿಸಿದ ಎಂಟು ನಗರಗಳಲ್ಲಿ ಬೆಂಗಳೂರೂ ಒಂದು. ತಂತಿ ಎಳೆಯಲಾಗದ ಕಡೆ ಇದು ವರದಾನವೇ ಸರಿ, ಆದರೆ ಫೈಬರ್ ಸಿಗುವ ಮನೆಯಲ್ಲಿ ಏರ್‌ಫೈಬರ್ ಹಾಕಿಸುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ. ಟವರಿನ ಸಾಮರ್ಥ್ಯವನ್ನು ಸುತ್ತಲಿನ ಮೊಬೈಲ್ ಬಳಕೆದಾರರ ಜೊತೆಗೆ ಹಂಚಿಕೊಳ್ಳಬೇಕು, ಡೇಟಾ ಮಿತಿಯೂ ಸಾಮಾನ್ಯವಾಗಿ ಕಡಿಮೆ.

ಕೆಟ್ಟಾಗ ಯಾರು ಬರುತ್ತಾರೆ

ಈ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ, ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ಇದಕ್ಕೇ. ನಮ್ಮ ಊರುಗಳಲ್ಲಿ ಫೈಬರ್ ಹೆಚ್ಚಾಗಿ ಕಂಬದಿಂದ ಕಂಬಕ್ಕೆ ತೂಗಾಡಿಕೊಂಡೇ ಬರುತ್ತದೆ. ಮಲೆನಾಡಿನಲ್ಲಿ ಆಷಾಢದ ಗಾಳಿಗೆ ಮರದ ಕೊಂಬೆ ಬಿದ್ದು ತುಂಡಾಗುತ್ತದೆ. ಪಟ್ಟಣಗಳಲ್ಲಿ ರಸ್ತೆ ಅಗೆತಕ್ಕೆ ಸಿಕ್ಕಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ವಿದ್ಯುತ್ ಕಂಬಗಳಿಗೆ ಅನುಮತಿಯಿಲ್ಲದೆ ಕಟ್ಟಿದ ಕೇಬಲ್‌ಗಳನ್ನು ಬೆಸ್ಕಾಂ ತೆರವುಗೊಳಿಸುವಾಗ ಇಡೀ ಬೀದಿಯ ಸಂಪರ್ಕ ಹೋಗುವುದುಂಟು. ತಂತಿ ಎಂದಾದರೂ ತುಂಡಾಗಿಯೇ ಆಗುತ್ತದೆ. ತುಂಡಾದದ್ದನ್ನು ಜೋಡಿಸುವ ಯಂತ್ರ ಹಿಡಿದುಕೊಂಡು ಆಳು ಅದೇ ದಿನ ಬರುತ್ತಾನೆಯೇ, ನಾಲ್ಕನೆಯ ದಿನ ಬರುತ್ತಾನೆಯೇ ಎಂಬುದರಲ್ಲಿ ಒಳ್ಳೆಯ ಸಂಪರ್ಕಕ್ಕೂ ಕೆಟ್ಟದ್ದಕ್ಕೂ ಇರುವ ಅಂತರವಿದೆ.

ಇದನ್ನು ತಿಳಿಯಲು ಅಂತರ್ಜಾಲದ ನಕ್ಷತ್ರ ಅಂಕಗಳನ್ನು ನೋಡಿ ಪ್ರಯೋಜನವಿಲ್ಲ, ಏಕೆಂದರೆ ಒಂದೇ ಕಂಪನಿ ಒಂದು ಬಡಾವಣೆಯಲ್ಲಿ ಚೆನ್ನಾಗಿಯೂ ಮುಂದಿನ ಬಡಾವಣೆಯಲ್ಲಿ ಹೀನಾಯವಾಗಿಯೂ ಇರಬಹುದು. ಬಿಎಸ್‌ಎನ್‌ಎಲ್ ಫೈಬರನ್ನು ಅನೇಕ ಊರುಗಳಲ್ಲಿ ಮನೆಮನೆಗೆ ಮುಟ್ಟಿಸುವವರು ಆದಾಯ ಹಂಚಿಕೆಯ ಒಪ್ಪಂದದ ಸ್ಥಳೀಯ ಪಾಲುದಾರರು. ಅಲ್ಲಿ ಸೇವೆಯ ಗುಣಮಟ್ಟವೆಂದರೆ ಬಹುಪಾಲು ಆ ಪಾಲುದಾರರ ಗುಣಮಟ್ಟ. ಆದ್ದರಿಂದ ಅದೇ ಬೀದಿಯಲ್ಲಿ ಅದೇ ಸಂಪರ್ಕ ಇರುವ ಎರಡು ಮೂರು ಮನೆಗಳಿಗೆ ಹೋಗಿ ಮೂರು ಪ್ರಶ್ನೆ ಕೇಳಿ. ಕಳೆದ ಮಳೆಗಾಲದಲ್ಲಿ ಎಷ್ಟು ಸಲ ಹೋಯಿತು? ಹೋದಾಗ ಎಷ್ಟು ಹೊತ್ತಿನಲ್ಲಿ ಬಂತು? ದೂರು ಕೊಡಲು ಫೋನ್ ಮಾಡಿದರೆ ಎತ್ತುವವರು ಇದೇ ಊರಿನವರೋ, ದೂರದ ಕಾಲ್‌ಸೆಂಟರಿನವರೋ? ಕೇಬಲ್ ಟಿವಿಯ ಕಾಲದಿಂದ ಪರಿಚಯವಿರುವ ಸ್ಥಳೀಯ ಆಪರೇಟರ್ ಕೊಡುವ ಐವತ್ತು ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ವೇಗದ ಅಳತೆ), ಯಾರೂ ಫೋನ್ ಎತ್ತದ ಕಂಪನಿಯ ಮುನ್ನೂರಕ್ಕಿಂತ ಬಹಳ ಸಲ ಮೇಲು.

ಮನೆಗೆ ಎಷ್ಟು ವೇಗ ಸಾಕು

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಪ್ಲಾನ್‌ಗಳ ವೇಗವನ್ನು ಮೆಗಾಬಿಟ್‌ಗಳಲ್ಲಿ ಹೇಳುತ್ತಾರೆ, ಫೈಲುಗಳ ಗಾತ್ರವನ್ನು ಮೆಗಾಬೈಟ್‌ಗಳಲ್ಲಿ. ಒಂದು ಬೈಟ್ ಎಂದರೆ ಎಂಟು ಬಿಟ್. ಹಾಗಾಗಿ 100 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ ಇಳಿಯುತ್ತದೆ, ಒಂದು ಜಿಬಿ ಇಳಿಯಲು ಸುಮಾರು 80 ಸೆಕೆಂಡು ಬೇಕು. "ನೂರರ ಪ್ಲಾನ್ ಹಾಕಿಸಿದರೆ ಹನ್ನೆರಡೇ ಬರುತ್ತಿದೆ" ಎಂಬ ದೂರುಗಳಲ್ಲಿ ಕೆಲವು ಈ ಲೆಕ್ಕದಿಂದಲೇ ಹುಟ್ಟಿದವು.

ಈಗ ಬಳಕೆಯ ಕಡೆಯಿಂದ ಬನ್ನಿ. ನೆಟ್‌ಫ್ಲಿಕ್ಸ್ ತಾನೇ ಹೇಳುವಂತೆ ಪೂರ್ಣ ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್, 4ಕೆ ಚಿತ್ರಕ್ಕೆ 15 ಎಂಬಿಪಿಎಸ್ ಸಾಕು. ಕಚೇರಿಯ ಒಳ್ಳೆಯ ಗುಣಮಟ್ಟದ ವಿಡಿಯೋ ಕರೆಗೆ ಹೋಗಲು ಬರಲು ತಲಾ ಮೂರ್ನಾಲ್ಕು ಎಂಬಿಪಿಎಸ್ ಇಟ್ಟುಕೊಳ್ಳಿ. ನಿಮ್ಮ ಮನೆಯ ಅತ್ಯಂತ ಗದ್ದಲದ ಒಂದು ಗಂಟೆಯನ್ನು ಕಲ್ಪಿಸಿಕೊಂಡು, ಆ ಹೊತ್ತಿನಲ್ಲಿ ಒಟ್ಟಿಗೆ ನಡೆಯುವ ಕೆಲಸಗಳನ್ನು ಮಾತ್ರ ಕೂಡಿಸಿ. ಹಾಲಿನಲ್ಲಿ 4ಕೆ ಟಿವಿ, ಕೋಣೆಯಲ್ಲಿ ಎಚ್‌ಡಿಯಲ್ಲಿ ಇನ್ನೊಂದು ಚಿತ್ರ, ಇಬ್ಬರ ವಿಡಿಯೋ ಕರೆ, ಎರಡು ಮೊಬೈಲ್‌ಗಳಲ್ಲಿ ರೀಲ್ಸ್ ಎಂದರೂ ಮೊತ್ತ 40 ಎಂಬಿಪಿಎಸ್ ದಾಟುವುದು ಕಷ್ಟ. ಅಂದರೆ ನಾಲ್ಕು ಜನರ ಮನೆಗೆ 50 ಎಂಬಿಪಿಎಸ್ ಸಾಲುತ್ತದೆ, 100 ಎಂಬಿಪಿಎಸ್‌ನಲ್ಲಿ ಯಾರೂ ಯಾರಿಗೂ ಅಡ್ಡಬರುವುದಿಲ್ಲ. ಅದಕ್ಕಿಂತ ಮೇಲಿನ ವೇಗದಿಂದ ಲಾಭವಾಗುವುದು ದೊಡ್ಡ ಫೈಲುಗಳನ್ನು ಇಳಿಸಿಕೊಳ್ಳುವವರಿಗೆ: 60 ಜಿಬಿಯ ಆಟವೊಂದು 100 ಎಂಬಿಪಿಎಸ್‌ನಲ್ಲಿ ಇಳಿಯಲು 80 ನಿಮಿಷ, 300 ಎಂಬಿಪಿಎಸ್‌ನಲ್ಲಿ ಸುಮಾರು 27 ನಿಮಿಷ. ವಾರಕ್ಕೊಂದು ಆಟ ಇಳಿಸುವ ಮಗ ಮನೆಯಲ್ಲಿದ್ದರೆ ಆ ವ್ಯತ್ಯಾಸಕ್ಕೆ ಬೆಲೆಯಿದೆ, ಧಾರಾವಾಹಿ ನೋಡುವ ಮನೆಯಲ್ಲಿ ಇಲ್ಲ.

ಅಪ್‌ಲೋಡ್ ವೇಗವನ್ನು ಜಾಹೀರಾತುಗಳು ಹೇಳದೇ ಬಿಡುವುದುಂಟು. ಮನೆಯಿಂದ ಕೆಲಸ ಮಾಡುವವರು, ಆನ್‌ಲೈನ್ ಪಾಠ ಹೇಳುವವರು, ಮದುವೆಯ ವಿಡಿಯೋ ಸಂಕಲಿಸಿ ಕಳುಹಿಸುವವರು ಮೊದಲು ಕೇಳಬೇಕಾದದ್ದು ಇದನ್ನೇ. ನಾಲ್ಕು ಜಿಬಿಯ ಒಂದು ವಿಡಿಯೋವನ್ನು 20 ಎಂಬಿಪಿಎಸ್‌ನಲ್ಲಿ ಮೇಲೇರಿಸಲು 27 ನಿಮಿಷ ಹಿಡಿದರೆ, 100 ಎಂಬಿಪಿಎಸ್‌ನಲ್ಲಿ ಐದೂವರೆ ನಿಮಿಷದೊಳಗೆ ಮುಗಿಯುತ್ತದೆ. ಫೈಬರ್ ಪ್ಲಾನ್‌ಗಳಲ್ಲಿ ಇಳಿಯುವ ಮತ್ತು ಏರುವ ವೇಗ ಸಮನಾಗಿರುವುದು ಸಾಮಾನ್ಯ, ಏರ್‌ಫೈಬರ್‌ನಲ್ಲಿ ಹಾಗಲ್ಲ. ಊಹಿಸಿಕೊಳ್ಳದೆ, ಬರಹದಲ್ಲಿ ಕೇಳಿ ಪಡೆಯಿರಿ.

ಡೇಟಾ ಮಿತಿಯ ಲೆಕ್ಕ

"ಅನ್‌ಲಿಮಿಟೆಡ್" ಎಂದು ಮಾರುವ ಪ್ಲಾನ್‌ಗೂ ಸಣ್ಣಕ್ಷರದಲ್ಲಿ ಒಂದು ಮಿತಿ ಇರುತ್ತದೆ. ಅದನ್ನು ಎಫ್‌ಯುಪಿ ಎನ್ನುತ್ತಾರೆ. ಅಷ್ಟು ಡೇಟಾ ಮುಗಿದ ಮೇಲೆ ಸಂಪರ್ಕ ಕಡಿಯುವುದಿಲ್ಲ, ವೇಗ ಇಳಿಯುತ್ತದೆ. ಫೈಬರ್ ಪ್ಲಾನ್‌ಗಳಲ್ಲಿ ತಿಂಗಳಿಗೆ 3,300 ಜಿಬಿ, ಅಂದರೆ 3.3 ಟಿಬಿ ಎಂಬ ಅಂಕಿ ಹಲವು ಕಂಪನಿಗಳಲ್ಲಿ ಕಾಣುತ್ತದೆ. ಏರ್‌ಫೈಬರ್ ಪ್ಲಾನ್‌ಗಳಲ್ಲಿ 1,000 ಜಿಬಿ ಸಾಮಾನ್ಯ. ಏರಿಸಿದ್ದೂ ಇಳಿಸಿದ್ದೂ ಸೇರಿಯೇ ಈ ಲೆಕ್ಕ ಎಂಬುದನ್ನು ಮರೆಯಬಾರದು.

ಮಿತಿ ನಿಮಗೆ ತಾಗುತ್ತದೆಯೇ ಎಂದು ತಿಳಿಯಲು ಒಂದು ತಿಂಗಳ ಬಳಕೆಯನ್ನು ಕಾಗದದ ಮೇಲೆ ಬರೆಯಿರಿ. ದಾವಣಗೆರೆಯ ಒಂದು ಮನೆಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ಟಿವಿಯಲ್ಲಿ ದಿನಕ್ಕೆ ನಾಲ್ಕು ಗಂಟೆ ಎಚ್‌ಡಿ ಚಿತ್ರಗಳು, ಗಂಟೆಗೆ ಮೂರು ಜಿಬಿಯಂತೆ ತಿಂಗಳಿಗೆ 360 ಜಿಬಿ. ಮೂರು ಮೊಬೈಲ್‌ಗಳಲ್ಲಿ ತಲಾ ಎರಡು ಗಂಟೆ ವಿಡಿಯೋ, ಗಂಟೆಗೆ ಒಂದು ಜಿಬಿ ಎಂದುಕೊಂಡರೆ 180 ಜಿಬಿ. ಒಬ್ಬರ ಕಚೇರಿ ಕರೆಗಳು ದಿನಕ್ಕೆ ನಾಲ್ಕು ಗಂಟೆ, ಗಂಟೆಗೆ ಒಂದೂವರೆ ಜಿಬಿಯಂತೆ 22 ದಿನಕ್ಕೆ 132 ಜಿಬಿ. ಫೋನ್ ಮತ್ತು ಲ್ಯಾಪ್‌ಟಾಪ್‌ಗಳ ಅಪ್‌ಡೇಟ್, ಆಟ ಇತ್ಯಾದಿಗೆ 100 ಜಿಬಿ. ಇಲ್ಲಿಯವರೆಗೆ 772 ಜಿಬಿ ಆಯಿತು. ಇನ್ನು ಗೇಟಿನ ಬಳಿ ಇರುವ ಸಿಸಿಟಿವಿ ಕ್ಯಾಮೆರಾ: ಅದು ಹಗಲಿರುಳೂ ಒಂದು ಎಂಬಿಪಿಎಸ್ ದರದಲ್ಲಿ ಕ್ಲೌಡ್‌ಗೆ ಚಿತ್ರ ಕಳುಹಿಸುತ್ತಿದ್ದರೆ ದಿನಕ್ಕೆ 10.8 ಜಿಬಿ, ತಿಂಗಳಿಗೆ 324 ಜಿಬಿ. ಒಟ್ಟು ಮೊತ್ತ 1,096 ಜಿಬಿ. 3.3 ಟಿಬಿ ಮಿತಿಯ ಮೂರನೇ ಒಂದು ಭಾಗ ಮುಗಿಯಿತು, ಒಂದು ಟಿಬಿ ಮಿತಿಯಾದರೆ ತಿಂಗಳ ಕೊನೆಯ ಎರಡು ಮೂರು ದಿನ ನಿಧಾನಗತಿಯಲ್ಲಿ ಕಳೆಯಬೇಕಾಯಿತು. ಆ ಹೆಚ್ಚುವರಿಗೆ ಕಾರಣ ಮನೆಯವರ ಸಿನಿಮಾ ಚಟವಲ್ಲ, ಯಾರೂ ಗಮನಿಸದ ಕ್ಯಾಮೆರಾ. ಅಂಥ ಕ್ಯಾಮೆರಾವನ್ನು ಚಲನೆ ಕಂಡಾಗ ಮಾತ್ರ ಚಿತ್ರ ಕಳುಹಿಸುವಂತೆ ಹೊಂದಿಸಿದರೆ ಅಥವಾ ಅದರೊಳಗೆ ಮೆಮೊರಿ ಕಾರ್ಡ್ ಹಾಕಿದರೆ ಈ ಖರ್ಚು ಬಹುಮಟ್ಟಿಗೆ ಇಲ್ಲವಾಗುತ್ತದೆ.

3.3 ಟಿಬಿ ಎಷ್ಟು ದೊಡ್ಡದು ಎಂಬುದನ್ನು ಇನ್ನೊಂದು ರೀತಿ ನೋಡಬಹುದು: 100 ಎಂಬಿಪಿಎಸ್ ಸಂಪರ್ಕವನ್ನು ಪೂರ್ಣ ವೇಗದಲ್ಲಿ ಬಿಡದೆ ಬಳಸಿದರೆ ಅದು ಮುಗಿಯಲು 73 ಗಂಟೆ ಬೇಕು. ಸಾಧಾರಣ ಮನೆಗೆ ಈ ಮಿತಿ ಇದ್ದೂ ಇಲ್ಲದಂತೆ. ಆದ್ದರಿಂದ 3.3 ಟಿಬಿಯ ಪ್ಲಾನ್‌ಗೂ ನಾಲ್ಕು ಟಿಬಿಯ ಪ್ಲಾನ್‌ಗೂ ನಡುವೆ ಮಿತಿಯ ಕಾರಣಕ್ಕೆ ಆರಿಸುವ ಅಗತ್ಯವಿಲ್ಲ. 200, 300 ಜಿಬಿಯ ಅಗ್ಗದ ಪ್ಲಾನ್‌ಗಳಲ್ಲಿ ಮಾತ್ರ ಮಿತಿ ಮುಟ್ಟಿದ ಮೇಲಿನ ವೇಗವನ್ನು ಖಚಿತವಾಗಿ ಕೇಳಿಕೊಳ್ಳಿ. ಕಂಪನಿಗಳು ಮಿತಿಯನ್ನೂ ಮಿತಿಯ ನಂತರದ ವೇಗವನ್ನೂ ಸ್ಪಷ್ಟವಾಗಿ ಪ್ರಕಟಿಸಬೇಕು, ಆ ವೇಗ 512 ಕೆಬಿಪಿಎಸ್‌ಗಿಂತ (ಸುಮಾರು ಅರ್ಧ ಎಂಬಿಪಿಎಸ್) ಕೆಳಗೆ ಇಳಿಯಬಾರದು, ಬಳಕೆ ಮಿತಿಯ ಹತ್ತಿರ ಬಂದಾಗ ಗ್ರಾಹಕರಿಗೆ ಸಂದೇಶ ಹೋಗಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2016ರಲ್ಲಿ ನಿರ್ದೇಶಿಸಿತ್ತು. ಬ್ರಾಡ್‌ಬ್ಯಾಂಡ್ ಎಂದು ಕರೆಯಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ 2 ಎಂಬಿಪಿಎಸ್‌ಗೆ ಏರಿಸಿತು. 2 ಎಂಬಿಪಿಎಸ್‌ನಲ್ಲಿ ಬ್ಯಾಂಕಿನ ಕೆಲಸ, ವಾಟ್ಸ್‌ಆ್ಯಪ್ ನಡೆಯುತ್ತವೆ. ಟಿವಿ ನಡೆಯುವುದಿಲ್ಲ.

ದರವನ್ನು ವರ್ಷದ ಮೊತ್ತಕ್ಕೆ ತಿರುಗಿಸುವುದು

ಜಾಹೀರಾತಿನ ದರಕ್ಕೆ ಶೇ 18ರಷ್ಟು ಜಿಎಸ್‌ಟಿ ಸೇರುತ್ತದೆ. ಅದರ ಜೊತೆಗೆ ಅಳವಡಿಕೆ ಶುಲ್ಕ, ರೌಟರ್ ಬಾಡಿಗೆ ಅಥವಾ ಠೇವಣಿ ಸೇರಬಹುದು. ಆರು ಇಲ್ಲವೇ ಹನ್ನೆರಡು ತಿಂಗಳಿಗೆ ಮುಂಗಡ ಕಟ್ಟಿದರೆ ಒಂದೋ ಎರಡೋ ತಿಂಗಳು ಉಚಿತ ಸಿಗಬಹುದು. ಇವೆಲ್ಲವನ್ನೂ ಒಂದೇ ಅಳತೆಗೆ ತರಲು ಮೊದಲ ವರ್ಷದ ಒಟ್ಟು ಖರ್ಚನ್ನು ಸೇವೆ ಸಿಗುವ ತಿಂಗಳುಗಳಿಂದ ಭಾಗಿಸಬೇಕು.

ಎರಡು ಕಾಲ್ಪನಿಕ ಪ್ಲಾನ್‌ಗಳನ್ನು ತೆಗೆದುಕೊಳ್ಳಿ. ಮೊದಲನೆಯದರ ದರ 599 ರೂಪಾಯಿ, ತೆರಿಗೆ ಸೇರಿ 706.82. ರೌಟರ್ ಬಾಡಿಗೆ ತಿಂಗಳಿಗೆ 100, ತೆರಿಗೆ ಸೇರಿ 118. ಅಳವಡಿಕೆಗೆ 1,000, ತೆರಿಗೆ ಸೇರಿ 1,180. ವರ್ಷದ ಮೊತ್ತ 11,077.84, ತಿಂಗಳಿಗೆ 923 ರೂಪಾಯಿ ಬಿತ್ತು. ಎರಡನೆಯದರ ದರ 799, ತೆರಿಗೆ ಸೇರಿ 942.82, ರೌಟರ್ ಮತ್ತು ಅಳವಡಿಕೆ ಉಚಿತ, ಹನ್ನೆರಡು ತಿಂಗಳ ಹಣ ಕಟ್ಟಿದರೆ ಹದಿಮೂರು ತಿಂಗಳ ಸೇವೆ. ಮೊತ್ತ 11,313.84, ತಿಂಗಳಿಗೆ 870 ರೂಪಾಯಿ. 599ರ ಪ್ಲಾನ್ 799ರದ್ದಕ್ಕಿಂತ ದುಬಾರಿಯಾಯಿತು. ಎರಡನೇ ವರ್ಷ ಅಳವಡಿಕೆ ಶುಲ್ಕವಿಲ್ಲದ ಕಾರಣ ಮೊದಲನೆಯದು ತಿಂಗಳಿಗೆ 825ಕ್ಕೆ ಇಳಿದು ಮುಂದಾಗುತ್ತದೆ. ಆದ್ದರಿಂದ ಬಾಡಿಗೆ ಮನೆಯಲ್ಲಿ ಹದಿಮೂರು ತಿಂಗಳಷ್ಟೇ ಇರುವವರ ಉತ್ತರ ಬೇರೆ, ಸ್ವಂತ ಮನೆಯವರದ್ದು ಬೇರೆ.

ಹಾಗೆಂದು ವರ್ಷದ ಹಣವನ್ನು ಮೊದಲ ದಿನವೇ ಕಟ್ಟಬೇಡಿ. ಒಂದೆರಡು ತಿಂಗಳು ಬಳಸಿ ನೋಡಿ, ನಂತರ ಉದ್ದದ ಪ್ಲಾನ್‌ಗೆ ಬದಲಾಯಿಸಿ. ಮುಂಗಡ ಕಟ್ಟಿದವರು ನಡುವೆ ಬಿಟ್ಟರೆ ಉಳಿದ ಹಣ ಮರಳಿ ಬರುತ್ತದೆಯೇ, ಮನೆ ಬದಲಾಯಿಸಿದರೆ ಹೊಸ ವಿಳಾಸಕ್ಕೆ ವರ್ಗಾಯಿಸುತ್ತಾರೆಯೇ ಎಂದೂ ಕೇಳಿರಿ. ಓಟಿಟಿ ಚಂದಾಗಳನ್ನು ಸೇರಿಸಿ ಮಾರುವ ಪ್ಲಾನ್‌ಗಳಲ್ಲಿ, ನೀವು ಹೇಗಿದ್ದರೂ ದುಡ್ಡು ಕೊಟ್ಟು ತೆಗೆದುಕೊಳ್ಳುತ್ತಿದ್ದ ಚಂದಾದ ಬೆಲೆಯನ್ನು ಮಾತ್ರ ಕಳೆಯಿರಿ. ಹದಿನೈದು ಆ್ಯಪ್‌ಗಳ ಪಟ್ಟಿಯಲ್ಲಿ ನೀವು ನೋಡುವುದು ಎರಡಾದರೆ ಉಳಿದ ಹದಿಮೂರರ ಬೆಲೆ ನಿಮಗೆ ಸೊನ್ನೆ.

ಕೊಳ್ಳುವ ಮೊದಲು ಪರೀಕ್ಷಿಸುವುದು

ಸಂಜೆ ವೇಗ ಕುಸಿಯುವುದಕ್ಕೆ ಕಾರಣ ಹಂಚಿಕೆ. ಮನೆಗಳಿಗೆ ಫೈಬರ್ ಕೊಡಲು ವ್ಯಾಪಕವಾಗಿ ಬಳಸುವ ಜಿಪಾನ್ ವ್ಯವಸ್ಥೆಯಲ್ಲಿ ಸುಮಾರು 2.5 ಜಿಬಿಪಿಎಸ್ (2,500 ಎಂಬಿಪಿಎಸ್) ಸಾಮರ್ಥ್ಯದ ಒಂದು ಎಳೆಯನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳಬಹುದು. ಎಲ್ಲರೂ ಒಂದೇ ಕ್ಷಣದಲ್ಲಿ ಪೂರ್ಣ ವೇಗ ಎಳೆಯುವುದಿಲ್ಲವಾದ್ದರಿಂದ ಇದು ಅಷ್ಟಾಗಿ ತೊಂದರೆ ಕೊಡುವುದಿಲ್ಲ. ನಿಜವಾದ ಇಕ್ಕಟ್ಟು ಇರುವುದು ಸಣ್ಣ ಆಪರೇಟರ್ ತನ್ನ ಎಲ್ಲ ಗ್ರಾಹಕರಿಗಾಗಿ ದೊಡ್ಡ ಕಂಪನಿಯಿಂದ ಕೊಂಡ ಒಟ್ಟು ಬ್ಯಾಂಡ್‌ವಿಡ್ತ್‌ನಲ್ಲಿ. ಒಂದೇ ಬೋರ್‌ವೆಲ್ ನೀರಿಗೆ ಮನೆಗಳನ್ನು ಸೇರಿಸುತ್ತಾ ಹೋದಂತೆ, ಹೊಸ ಗ್ರಾಹಕರು ಕೂಡಿದಷ್ಟೂ ರಾತ್ರಿಯ ಪಾಲು ಕಿರಿದಾಗುತ್ತದೆ.

ಇದನ್ನು ಪತ್ತೆ ಹಚ್ಚಲು ಅದೇ ಸಂಪರ್ಕ ಇರುವ ನೆರೆಯವರ ಮನೆಯಲ್ಲಿ ಎರಡು ಸಲ ಅಳೆಯಿರಿ: ಬೆಳಿಗ್ಗೆ ಒಮ್ಮೆ, ರಾತ್ರಿ ಎಂಟರಿಂದ ಹನ್ನೊಂದರ ನಡುವೆ ಒಮ್ಮೆ. ಸ್ಪೀಡ್‌ಟೆಸ್ಟ್ ಮಾಡುವಾಗ ಅದು ತಾನಾಗಿ ಆರಿಸುವ ಸರ್ವರ್ ಬಹುಶಃ ಅದೇ ಕಂಪನಿಯದ್ದಾಗಿರುತ್ತದೆ, ಅಲ್ಲಿಯವರೆಗಿನ ದಾರಿ ಸಹಜವಾಗಿಯೇ ಸಲೀಸು. ಬೇರೆ ಕಂಪನಿಯ ಅಥವಾ ಬೇರೆ ಊರಿನ ಸರ್ವರನ್ನು ಕೈಯಾರೆ ಆರಿಸಿ. ನೆಟ್‌ಫ್ಲಿಕ್ಸ್ ನಡೆಸುವ ಫಾಸ್ಟ್ ಡಾಟ್ ಕಾಮ್ ತನ್ನದೇ ಸರ್ವರ್‌ಗಳಿಂದ ಅಳೆಯುವುದರಿಂದ ಚಿತ್ರ ನೋಡುವವರಿಗೆ ಅದು ಹೆಚ್ಚು ಪ್ರಾಮಾಣಿಕ ಅಳತೆ. ರಾತ್ರಿಯ ಅಂಕಿ ಬೆಳಗಿನ ಅಂಕಿಯ ಅರ್ಧಕ್ಕಿಂತ ಕೆಳಗಿದ್ದರೆ ಆ ಸಂಪರ್ಕವನ್ನು ಪಟ್ಟಿಯಿಂದ ತೆಗೆದುಹಾಕಿ.

ಮನೆಯೊಳಗೆ ಅಳೆಯುವಾಗ ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ರೌಟರ್‌ಗೆ ಜೋಡಿಸಿಯೇ ಅಳೆಯಬೇಕು. ವೈಫೈ ಮೇಲೆ ಅಳೆದರೆ ಕಂಪನಿಯ ವೇಗದ ಬದಲು ನಿಮ್ಮ ಗೋಡೆಗಳ ದಪ್ಪವನ್ನೇ ಅಳೆದಂತಾಗುತ್ತದೆ. 2.4 ಗಿಗಾಹರ್ಟ್ಸ್ ತರಂಗ ದೂರ ಹೋಗುತ್ತದೆ, ನಿಧಾನ. 5 ಗಿಗಾಹರ್ಟ್ಸ್ ವೇಗವಾಗಿದೆ, ಗೋಡೆ ದಾಟಲು ತಿಣುಕುತ್ತದೆ. ಕರಾವಳಿಯ ಮುರಕಲ್ಲಿನ ಗೋಡೆಗಳ ಮನೆಯಲ್ಲಿ ಹಾಲಿನ ರೌಟರ್ ಹಿಂದಿನ ಕೋಣೆಗೆ ಮುಟ್ಟದಿದ್ದರೆ ದುಬಾರಿ ಪ್ಲಾನ್ ಹಾಕಿಸಿ ಪ್ರಯೋಜನವಿಲ್ಲ, ಎರಡನೆಯ ರೌಟರ್‌ವರೆಗೆ ಒಂದು ಲ್ಯಾನ್ ಕೇಬಲ್ ಎಳೆಸಬೇಕು. ಕಂಪನಿ ಕೊಡುವ ರೌಟರ್ ಎರಡೂ ಬ್ಯಾಂಡ್‌ಗಳದ್ದೇ, ಅದರ ಲ್ಯಾನ್ ಪೋರ್ಟ್ ಗಿಗಾಬಿಟ್‌ನದ್ದೇ ಎಂದು ನೋಡಿಕೊಳ್ಳಿ. ಹಳೆಯ 100 ಎಂಬಿಪಿಎಸ್ ಪೋರ್ಟ್ ಇದ್ದರೆ 200ರ ಪ್ಲಾನ್‌ಗೆ ಕೊಟ್ಟ ಹಣದಲ್ಲಿ ಅರ್ಧ ಪೋರ್ಟಿನಲ್ಲೇ ನಿಂತುಹೋಗುತ್ತದೆ. ಕರೆಂಟು ಹೋದಾಗಲೂ ಸಂಪರ್ಕ ಬೇಕೆಂದರೆ ರೌಟರ್‌ಗೆಂದೇ ಸಿಗುವ ಚಿಕ್ಕ ಯುಪಿಎಸ್ ಕೊಂಡುಕೊಳ್ಳಿ. ರೌಟರ್ ಮತ್ತು ಓಎನ್‌ಟಿ ಬೇರೆ ಬೇರೆ ಪೆಟ್ಟಿಗೆಗಳಾಗಿದ್ದರೆ ಎರಡಕ್ಕೂ ಅದು ವಿದ್ಯುತ್ ಕೊಡಬೇಕು.

ಹಳೆಯದನ್ನು ಬಿಡುವಾಗ

ಮೊಬೈಲ್ ಸಂಖ್ಯೆಯಂತೆ ಬ್ರಾಡ್‌ಬ್ಯಾಂಡನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಪೋರ್ಟ್ ಮಾಡಲು ಬರುವುದಿಲ್ಲ. ಹೊಸದು ಒಂದು ವಾರ ಸರಿಯಾಗಿ ನಡೆದ ಮೇಲೆಯೇ ಹಳೆಯದನ್ನು ಮುಚ್ಚಿಸಿ, ಜೊತೆಗೆ ಬಂದಿದ್ದ ಲ್ಯಾಂಡ್‌ಲೈನ್ ಸಂಖ್ಯೆಯನ್ನು ಬ್ಯಾಂಕು, ಗ್ಯಾಸ್ ಏಜೆನ್ಸಿಗಳಿಗೆ ಕೊಟ್ಟಿದ್ದರೆ ಮುಂಚೆಯೇ ಬದಲಾಯಿಸಿ. ಮುಚ್ಚುವ ಕೋರಿಕೆಯನ್ನು ಇಮೇಲ್‌ನಲ್ಲಿಯೋ ಆ್ಯಪ್‌ನಲ್ಲಿಯೋ ಕೊಟ್ಟು ಅದರ ಸಂಖ್ಯೆಯನ್ನು ಉಳಿಸಿಕೊಳ್ಳಿ. ರೌಟರ್ ಮರಳಿಸುವಾಗ ಅದರ ಸೀರಿಯಲ್ ಸಂಖ್ಯೆ ಬರೆದಿರುವ ರಸೀದಿ ಇಲ್ಲದೆ ಯಾರ ಕೈಗೂ ಕೊಡಬೇಡಿ.

ಠೇವಣಿ ಮರಳದಿದ್ದರೆ ಅಥವಾ ಮುಚ್ಚಿಸಿದ ಮೇಲೂ ಬಿಲ್ ಬರುತ್ತಿದ್ದರೆ ಮೊದಲು ಕಂಪನಿಯ ದೂರು ಕೇಂದ್ರದಲ್ಲಿ ದೂರು ದಾಖಲಿಸಿ ಡಾಕೆಟ್ ಸಂಖ್ಯೆ, ಅಂದರೆ ಆ ದೂರಿನ ಸಂಖ್ಯೆ, ಪಡೆಯಿರಿ. ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಟ್ರಾಯ್ ಒಬ್ಬೊಬ್ಬರ ದೂರುಗಳನ್ನು ತಾನೇ ವಿಚಾರಿಸುವುದಿಲ್ಲವಾದ್ದರಿಂದ ಅದಕ್ಕೆ ಬರೆದು ಕಾಯುವುದು ಬೇಡ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ದೂರಸಂಪರ್ಕ ಸೇವೆಯ ದೂರುಗಳನ್ನು ಗ್ರಾಹಕ ವೇದಿಕೆಗಳು ವಿಚಾರಿಸಬಹುದೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿದೆ. ಅಲ್ಲಿಗೆ ಹೋಗುವವರ ಕೈಯಲ್ಲಿ ಡಾಕೆಟ್ ಸಂಖ್ಯೆ, ಕೊನೆಯ ಬಿಲ್ ಮತ್ತು ರೌಟರ್ ಮರಳಿಸಿದ ರಸೀದಿ ಇರಬೇಕು.